ಮೊಬೈಲಿಗೆ ಗೊತ್ತಿರುವುದು ಸಿಗ್ನಲ್‌ಗೆ ಯಾಕೆ ಸಾಲದು?

ಪ್ರಶ್ನೆ: ಸರ್, ರೈಲು ಎಲ್ಲಿದೆ ಅಂತ ನನ್ನ ಮೊಬೈಲೇ ಹೇಳುತ್ತದೆ. ಆದರೂ ರೈಲ್ವೆಯವರು ಎಷ್ಟೋ ಕಡೆ ಹಳೇ ಕಾಲದ ರಿಲೇ (ಕರೆಂಟಿನಿಂದ ಆಡುವ ಸ್ವಿಚ್) ಇಟ್ಟುಕೊಂಡೇ ಸಿಗ್ನಲ್ ನಡೆಸುತ್ತಾರಂತೆ. ಅಪಾಯ ಇದ್ದರೆ ಗಾಡಿಗೆ ತಾನೇ ಬ್ರೇಕ್ ಹಾಕುವ ‘ಕವಚ’ವೂ ಇನ್ನೂ ಎಲ್ಲ ಕಡೆ ಬಂದಿಲ್ಲ. ಇಷ್ಟು ನಿಧಾನ ಯಾಕೆ?
– ಒಬ್ಬ ಓದುಗರು, ತಿಪಟೂರು

ಉತ್ತರ: ಸಿಗ್ನಲ್ ವಿಭಾಗದಲ್ಲೇ ನೌಕರಿ ಮಾಡಿ ನಿವೃತ್ತನಾದವನು ನಾನು. ಮೊದಲು ಮೊಬೈಲ್ ವಿಷಯ ಹೇಳುತ್ತೇನೆ. ಗಾಡಿ ತಿಪಟೂರು ದಾಟಿತೇ ಅನ್ನುವುದು ಅದಕ್ಕೆ ಗೊತ್ತಾಗುತ್ತದೆ. ಆದರೆ ಅಕ್ಕಪಕ್ಕದ ಎರಡು ಲೈನ್‌ಗಳಲ್ಲಿ ಯಾವುದರ ಮೇಲೆ ನಿಂತಿದೆ ಅಂತ ನಂಬುವ ಹಾಗೆ ಹೇಳಲಾರದು. ನೆಟ್‌ವರ್ಕ್ ಹೋದರೆ ಸುಮ್ಮನಾಗಿಬಿಡುತ್ತದೆ. ಸುದ್ದಿ ಬರಲಿಲ್ಲ, ಲೈನ್ ಖಾಲಿ ಇರಬೇಕು ಅಂತ ಹಿಂದಿನ ಗಾಡಿ ಬಿಡೋಕಾಗುತ್ತಾ?

ರಿಲೇಯ ಗುಣ ಇರುವುದು ಇಲ್ಲೇ. ಹಳಿಗಳಲ್ಲಿ ಹರಿಯುವ ಸಣ್ಣ ಕರೆಂಟ್ ಅದನ್ನು ಎತ್ತಿ ಹಿಡಿದಿರುತ್ತದೆ. ಗಾಡಿ ಬಂದರೆ ಅದರ ಚಕ್ರ, ಅಚ್ಚುಗಳೇ ಎರಡೂ ಹಳಿಗಳನ್ನು ಜೋಡಿಸಿಬಿಡುತ್ತವೆ. ಕರೆಂಟ್ ರಿಲೇ ತನಕ ಹೋಗುವುದಿಲ್ಲ. ಅದು ತನ್ನ ಭಾರಕ್ಕೇ ಕೆಳಗೆ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ತಂತಿ ಕಿತ್ತುಹೋದರೂ ಕೆಂಪು, ಬ್ಯಾಟರಿ ಕೈಕೊಟ್ಟರೂ ಕೆಂಪು. ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಅದರ ಜಾಗಕ್ಕೆ ಬರುವ ಯಾವ ಕಂಪ್ಯೂಟರ್ ಆದರೂ ಕೆಡುವಾಗ ಕೆಂಪಿನ ಕಡೆಗೇ ಕೆಡಬೇಕು. ಅದನ್ನು ಸಾಬೀತು ಮಾಡೋದಕ್ಕೇ ಜಾಸ್ತಿ ಸಮಯ ಬೇಕು.

ಆಮೇಲೆ ಅದನ್ನು ಗಾಡಿಗಳು ಓಡಾಡುತ್ತಿರುವ ಸ್ಟೇಷನ್ನಿನಲ್ಲೇ ಕೂರಿಸಬೇಕು. ‘ನಾನ್ ಇಂಟರ್‌ಲಾಕಿಂಗ್ ಕೆಲಸ, ರೈಲು ರದ್ದು’ ಅಂತ ಪೇಪರಿನಲ್ಲಿ ಓದಿರುತ್ತೀರಿ. ಇಂಟರ್‌ಲಾಕಿಂಗ್ ಅಂದರೆ ಒಂದಕ್ಕೊಂದು ಅಡ್ಡ ಬರುವ ದಾರಿಗಳಿಗೆ ಒಟ್ಟಿಗೆ ಸಿಗ್ನಲ್ ಸಿಗದಂತೆ ಕಾಯುವ ಏರ್ಪಾಡು. ಹಳೆಯದನ್ನು ಬಿಚ್ಚಿ, ಹೊಸದು ಶುರುವಾಗುವ ತನಕದ ಅವಧಿ ಅದು. ಆಗ ಗಾಡಿಯನ್ನು ಒಂದು ಲೈನಿನಿಂದ ಇನ್ನೊಂದಕ್ಕೆ ಹೊರಳಿಸುವ ಪಾಯಿಂಟ್‌ಗಳನ್ನು ಕೈಯಲ್ಲೇ ತಿರುಗಿಸಿ, ಕ್ಲ್ಯಾಂಪ್ ಹಾಕಿ, ಬೀಗ ಜಡಿದು ಗಾಡಿ ಬಿಡುತ್ತಾರೆ. ಯಂತ್ರ ಕಾಯಬೇಕಾದ ಜಾಗದಲ್ಲಿ ನಿದ್ದೆಗೆಟ್ಟ ಮನುಷ್ಯ ನಿಂತಿರುತ್ತಾನೆ. ನನ್ನ ನೌಕರಿಯಲ್ಲಿ ನನಗೆ ನಿಜವಾಗಿ ಭಯ ಆಗುತ್ತಿದ್ದದ್ದು ಆ ರಾತ್ರಿಗಳಲ್ಲೇ. ಹೊಸದನ್ನು ಶುರು ಮಾಡುವ ಮೊದಲು ಒಂದೊಂದು ರೂಟ್ ಸೆಟ್ ಮಾಡಿ, ಅದಕ್ಕೆ ಅಡ್ಡ ಬರುವ ಸಿಗ್ನಲ್‌ಗಳೆಲ್ಲ ಕೆಂಪಲ್ಲೇ ನಿಲ್ಲುತ್ತವೆ ಅಂತ ನೋಡಿ ಸಹಿ ಹಾಕಬೇಕು. ಯಾವ ಸಾಹೇಬರು ಫೋನ್ ಮಾಡಿದರೂ ಅಲ್ಲಿ ಅವಸರ ಸಲ್ಲದು.

ಹಾಗಂತ ಹಳೆಯದೇ ಸಾಕು ಅನ್ನುವವನಲ್ಲ ನಾನು. ಕೆಂಪು ದೀಪ ದಾಟಿ ಗಾಡಿ ಮುಂದೆ ಹೋದರೆ ರಿಲೇ ಅದನ್ನು ತಡೆಯಲಾರದು. ಕವಚ ತಾನೇ ಬ್ರೇಕ್ ಹಾಕುತ್ತದೆ. ಪ್ರಯಾಣಿಕರ ಗಾಡಿಗಳಲ್ಲಿ ಅದರ ಪ್ರಯೋಗ ಶುರುವಾಗಿದ್ದು 2016ರಲ್ಲಿ. ಇಡೀ ದೇಶಕ್ಕೆ ಅದೇ ಇರಲಿ ಅಂತ ಒಪ್ಪಿದ್ದು 2020ರಲ್ಲಿ. ಎಂಜಿನ್ನಿನೊಳಗೆ ಯಂತ್ರ, ಹಳಿಗಳ ನಡುವೆ ಟ್ಯಾಗ್, ಸ್ಟೇಷನ್ನಿನಲ್ಲಿ ಇನ್ನೊಂದು ಯಂತ್ರ, ಟವರ್, ಕೇಬಲ್ ಎಲ್ಲ ಇದ್ದರೇ ಅದು ಪೂರ್ತಿ ಕೆಲಸ ಮಾಡುವುದು. ಇವತ್ತು ಅರಸೀಕೆರೆಯಲ್ಲಿರುವ ಎಂಜಿನ್ ಮುಂದಿನ ವಾರ ನಾಗಪುರದಲ್ಲಿರಬಹುದು. ಹಾಗಾಗಿ ಒಂದು ಮಾರ್ಗಕ್ಕೆ ಹಾಕಿ ಮುಗಿಯಿತು ಅನ್ನುವಂತಿಲ್ಲ.

ಪರೀಕ್ಷೆಗೆ ಹಿಡಿಯುವ ಸಮಯವನ್ನು ನಾನು ಒಪ್ಪುತ್ತೇನೆ. ದುಡ್ಡು ಬರಲಿಲ್ಲ, ಜನ ಸಾಲದು ಅಂತ ಆಗುವ ತಡವನ್ನು ಖಂಡಿತ ಒಪ್ಪುವುದಿಲ್ಲ. ನಮ್ಮ ಮಾರ್ಗಕ್ಕೆ ಟೆಂಡರ್ ಆಗಿದೆಯಾ, ಇಲ್ಲಿ ಓಡುವ ಎಷ್ಟು ಎಂಜಿನ್‌ಗಳಿಗೆ ಕವಚ ಕೂರಿಸಿದ್ದಾರೆ ಅಂತ ನಿಮ್ಮ ಸಂಸದರಿಗೆ ಒಂದು ಪತ್ರ ಬರೆದು ಕೇಳಿ.