ಸಿಗಾರ್ ಮಾರುವ ಯಂತ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಚಿಪ್ಸ್, ಬಿಸ್ಕೆಟ್ ಮಾರುವ ಸ್ಪ್ರಿಂಗ್ ಸುರುಳಿಯ ಯಂತ್ರವನ್ನೇ ಬಿಡಿ ಸಿಗಾರ್ ಮಾರುವುದಕ್ಕೆ ಬಳಸಬಹುದೇ? ಸಿಗರೇಟು ಮಾರುವ ಯಂತ್ರಗಳು ಎಷ್ಟೋ ಕಾಲದಿಂದ ಇವೆಯಲ್ಲ?

ಉತ್ತರ: ಬೇಡ. ಸಿಗರೇಟು ಬರುವುದು ಗಟ್ಟಿ ಪೊಟ್ಟಣದಲ್ಲಿ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ. ಮೇಲಿನಿಂದ ಬಿದ್ದರೂ ಏನೂ ಆಗುವುದಿಲ್ಲ. ಸಿಗಾರ್‌ನ ಮೈಮೇಲಿರುವುದು ಒಂದೇ ಒಂದು ತೆಳು ಹೊದಿಕೆ ಎಲೆ. ಮೇಲಿನ ಸಾಲಿನಿಂದ ತಟ್ಟೆಗೆ ಬಿದ್ದರೆ ಹೊತ್ತಿಸುವ ತುದಿಯಲ್ಲಿ ಸೀಳು ಬಿಡುತ್ತದೆ, ಆ ಸೀಳು ಸೇದುವಾಗ ಮೇಲೆ ಮೇಲೆ ಹರಿಯುತ್ತದೆ.

ಅಳತೆಯದೂ ತೊಡಕೇ. ಸಿಗಾರ್ ದಪ್ಪವನ್ನು ಇಂಚಿನ 64ನೇ ಒಂದು ಭಾಗದ ಲೆಕ್ಕದಲ್ಲಿ, ‘ರಿಂಗ್’ ಎಂದು ಹೇಳುತ್ತಾರೆ. ಸಿಗಾರ್‌ಗಳಲ್ಲಿ ಗಿಡ್ಡ ಬಗೆಯಾದ 50 ರಿಂಗ್‌ನ ರೊಬುಸ್ಟೊ 20 ಮಿ.ಮೀ.ಗೆ ತುಸು ಕಡಿಮೆ ದಪ್ಪ, ಸುಮಾರು 127 ಮಿ.ಮೀ. ಉದ್ದ. ಚರ್ಚಿಲ್ ಎಂಬ ಉದ್ದದ ಬಗೆಯಾದರೆ ಸುಮಾರು 178 ಮಿ.ಮೀ. ಎರಡಕ್ಕೂ ಒಂದೇ ಸುರುಳಿ ಹೊಂದುವುದಿಲ್ಲ. ಹಾಗಾಗಿ ಯಂತ್ರದ ಕೈಗೆ ಸಿಗಾರನ್ನು ಕೊಡಲೇಬೇಡಿ, ಕೊಳವೆ ಕೊಡಿ. ಪ್ರತಿ ಸಿಗಾರನ್ನೂ ಒಂದೇ ಹೊರ ಅಳತೆಯ ಗಟ್ಟಿ ಪ್ಲಾಸ್ಟಿಕ್ ಕೊಳವೆಯಲ್ಲಿಟ್ಟು, ಅಡ್ಡಡ್ಡ ಪೇರಿಸಿ, ಕೆಳಗೆ ಹಲ್ಲುಗಳ ನಡುವೆ ಒಂದೊಂದೇ ಕೊಳವೆ ಕೂರುವಂಥ ಚಕ್ರ ಹಾಕಿ. ಒಂದು ಹಲ್ಲು ತಿರುಗಿದರೆ ಒಂದು ಕೊಳವೆ ಇಳಿಯುತ್ತದೆ. ಕೊಳವೆಯ ಎರಡೂ ತುದಿಗೆ ಸಣ್ಣ ತೂತುಗಳಿರಲಿ, ಇಲ್ಲದಿದ್ದರೆ ಸಿಗಾರ್ ಒಣಗದಂತೆ ಯಂತ್ರದ ಪೆಟ್ಟಿಗೆಯಲ್ಲಿ ಕಾಯ್ದುಕೊಳ್ಳುವ ತೇವ ಒಳಗೆ ಮುಟ್ಟುವುದಿಲ್ಲ.

ಪ್ರಶ್ನೆ: ಪೆಲ್ಟಿಯರ್ ಕೂಲರ್ (ವಿದ್ಯುತ್ ಹರಿದಾಗ ಒಂದು ಬದಿ ತಣ್ಣಗಾಗಿ ಇನ್ನೊಂದು ಬದಿ ಬಿಸಿಯಾಗುವ ಫಲಕ) ಹಾಕಿ ಒಂದು ಮಾದರಿ ಮಾಡಿದ್ದೇನೆ. ಒಳಗೆ 20 ಡಿಗ್ರಿ ಸರಿಯಾಗಿ ನಿಲ್ಲುತ್ತದೆ. ಆದರೆ ನೀರಿನ ತಟ್ಟೆ ಇಟ್ಟರೂ ಆರ್ದ್ರತೆ ಶೇ. 55 ದಾಟುವುದಿಲ್ಲ, ತಳದಲ್ಲಿ ನೀರು ನಿಲ್ಲುತ್ತದೆ. ತಪ್ಪೆಲ್ಲಿ?

ಉತ್ತರ: ತಟ್ಟೆಯ ನೀರು ಆವಿಯಾಗುತ್ತಿದೆ, ತಣ್ಣನೆಯ ಫಲಕ ಅದನ್ನು ಮತ್ತೆ ಹನಿ ಮಾಡಿ ಕೆಳಗೆ ಸುರಿಸುತ್ತಿದೆ. ಸಿಗಾರ್‌ಗೆ ಬೇಕಾದದ್ದು 18ರಿಂದ 21 ಡಿಗ್ರಿ, ಶೇ. 65ರಿಂದ 70 ಆರ್ದ್ರತೆ. 20 ಡಿಗ್ರಿಯಲ್ಲಿ ಶೇ. 70 ತೇವವಿರುವ ಗಾಳಿ 14.4 ಡಿಗ್ರಿಯ ಆಸುಪಾಸಿನ ಮೇಲ್ಮೈ ತಾಕಿದರೆ ಇಬ್ಬನಿ ಕಟ್ಟುತ್ತದೆ. ಶೇ. 55ಕ್ಕೆ ಆ ಅಂಕಿ 10.7. ಅಂದರೆ ನಿಮ್ಮ ಫಲಕ ಅದಕ್ಕಿಂತಲೂ ತಣ್ಣಗಿದೆ.

ಫಲಕಕ್ಕೊಂದು ಥರ್ಮಿಸ್ಟರ್ (ತಾಪ ಅಳೆಯುವ ಪುಟ್ಟ ಬಿಡಿಭಾಗ) ಅಂಟಿಸಿ, 15 ಡಿಗ್ರಿಗಿಂತ ಕೆಳಗಿಳಿಯದಂತೆ ಕಟ್ಟುಹಾಕಿ. ಪೂರ್ತಿ ಆನ್, ಪೂರ್ತಿ ಆಫ್ ಎಂಬ ಓಡಾಟ ಬಿಟ್ಟು ವಿದ್ಯುತ್ತನ್ನು ಬೇಕಾದಷ್ಟೇ ಏರಿಸಿ ಇಳಿಸಿ. ಒಳಬದಿಗೆ ದೊಡ್ಡ ರೆಕ್ಕೆಗಳ ಹೀಟ್ ಸಿಂಕ್ (ಶಾಖ ಸಾಗಿಸುವ ಲೋಹದ ತುಂಡು), ನಿಧಾನವಾಗಿ ಸದಾ ತಿರುಗುವ ಫ್ಯಾನ್ ಬೇಕು. ಫಲಕ ಅಷ್ಟು ತಣ್ಣಗಿಲ್ಲದೆಯೂ ಅದೇ ಶಾಖ ಹೊರಗೆ ಹೋಗುವುದು ಹೀಗೆಯೇ. ಗೋಡೆಗಳಿಗೆ ಇನ್ಸುಲೇಷನ್ ಹೆಚ್ಚಿಸಿ. ತಳದ ನೀರನ್ನು ಹೊರಗೆ ಬಿಡಿ, ಬೂಷ್ಟು ಶುರುವಾಗುವುದೇ ಅಲ್ಲಿ. ತಟ್ಟೆಯ ಬದಲು ತೇವ ಕೊಡುವ ಮತ್ತು ಹೀರುವ ಎರಡೂ ಕೆಲಸ ಮಾಡುವ ಉಪ್ಪುದ್ರಾವಣದ ಪೊಟ್ಟಣ ಮೇಲು. ನೀರೇ ಬೇಕೆಂದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ನಲ್ಲಿ ನೀರಿನ ಲವಣ, ನೀರು ಹೀರಿ ಆವಿಯಾಗಿಸುವ ಬತ್ತಿಯ ರಂಧ್ರಗಳನ್ನು ಮುಚ್ಚಿಬಿಡುತ್ತದೆ.

ಇನ್ನೊಂದು ಮಾತು. ಖಾಲಿ ಪೆಟ್ಟಿಗೆಯಲ್ಲಿ ಪರೀಕ್ಷೆ ಮಾಡಿ ಎದೆಗುಂದಬೇಡಿ. 200 ಲೀಟರ್ ಗಾಳಿಯಲ್ಲಿ ಇರುವ ನೀರು ಎರಡೂವರೆ ಗ್ರಾಂ ಕೂಡ ಇಲ್ಲ. 12 ಗ್ರಾಂ ತೂಗುವ 200 ಸಿಗಾರ್‌ಗಳಲ್ಲಿ ಸುಮಾರು 300 ಗ್ರಾಂ ಇರುತ್ತದೆ. ತುಂಬಿದ ಪೆಟ್ಟಿಗೆ ತನ್ನ ತೇವವನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಅದೇ ಕಾರಣಕ್ಕೆ ಒಣಗಿದ ಹೊಸ ಸರಕನ್ನು ನೇರ ಒಳಗೆ ಸೇರಿಸಿದರೆ ಅದು ಪಕ್ಕದವುಗಳ ತೇವವನ್ನು ಎಳೆದುಕೊಳ್ಳುತ್ತದೆ. ಬೇರೆ ಡಬ್ಬದಲ್ಲಿ ಕೆಲವು ದಿನ ಹದಕ್ಕೆ ತಂದು ಆಮೇಲೆ ತುಂಬಿ. ತಾಪ 25 ಡಿಗ್ರಿ ಮೀರಿ ನಿಂತರೆ ಎಲೆಯಲ್ಲಿರಬಹುದಾದ ತಂಬಾಕಿನ ಜೀರುಂಡೆಯ ಮೊಟ್ಟೆ ಒಡೆಯುತ್ತದೆ. ಹೊದಿಕೆಯಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು ಕಂಡರೆ ಇಡೀ ಸಾಲನ್ನು ಹೊರಗೆ ತೆಗೆಯಿರಿ.

ಪ್ರಶ್ನೆ: ಆರ್ದ್ರತೆಯ ಮೀಟರ್ 70 ತೋರಿಸುತ್ತದೆ, ಸಿಗಾರ್ ಮಾತ್ರ ಬಿರುಕು ಬಿಡುತ್ತಿದೆ. ಮೀಟರನ್ನು ನಂಬಬಹುದೇ?

ಉತ್ತರ: ಪರೀಕ್ಷಿಸಿ ನೋಡಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಲವೇ ಹನಿ ನೀರು ಬಿಟ್ಟು ಒದ್ದೆ ಮರಳಿನಷ್ಟು ಹದಕ್ಕೆ ಕಲಸಿ. ಉಪ್ಪು ಪೂರ್ತಿ ಕರಗಬಾರದು. ಮೀಟರ್ ಜೊತೆ ಜಿಪ್ ಚೀಲದಲ್ಲಿಟ್ಟು ಮುಚ್ಚಿ, ಎಂಟು ಗಂಟೆ ಬಿಡಿ. ಶೇ. 75 ತೋರಿಸಬೇಕು. 85 ತೋರಿಸಿದರೆ ನಿಮ್ಮ 70 ಎಂಬುದು ನಿಜಕ್ಕೆ 60ರ ಹತ್ತಿರ.

ಪ್ರಶ್ನೆ: ಹಣ ಕಡಿತವಾಗಿ ಸಿಗಾರ್ ಬರದಿದ್ದರೆ?

ಉತ್ತರ: ಹೊರದಾರಿಗೆ ಅಡ್ಡಲಾಗಿ ಇನ್‌ಫ್ರಾರೆಡ್ ಕಿರಣಗಳ ಸಾಲು ಇರಲಿ. ಮೊದಲು ಮೊತ್ತವನ್ನು ತಡೆಹಿಡಿಯಿರಿ, ಬೀಳುವ ಕೊಳವೆ ಕಿರಣವನ್ನು ಕಡಿದ ಮೇಲಷ್ಟೇ ವಸೂಲಿ ಮಾಡಿ. ಐದು ಸೆಕೆಂಡಿನಲ್ಲಿ ಕಡಿಯದಿದ್ದರೆ ಚಕ್ರವನ್ನು ಇನ್ನೊಂದೇ ಸಲ ತಿರುಗಿಸಿ, ಆಗಲೂ ಬಾರದಿದ್ದರೆ ತಡೆಹಿಡಿದ ಮೊತ್ತವನ್ನು ಗ್ರಾಹಕರಿಗೆ ಬಿಟ್ಟುಕೊಟ್ಟು ಆ ಸಾಲನ್ನು ಮುಚ್ಚಿ.

ಪ್ರಶ್ನೆ: ವಯಸ್ಸಿನ ತಪಾಸಣೆಯನ್ನು ಯಂತ್ರಕ್ಕೇ ಬಿಡಬಹುದೇ?

ಉತ್ತರ: ಅದಕ್ಕೂ ಮೊದಲು ಯಂತ್ರ ಇಡುವ ದೇಶದ ಕಾನೂನು ನೋಡಿ. ಇಂಗ್ಲೆಂಡಿನಲ್ಲಿ 2011ರ ಅಕ್ಟೋಬರ್‌ನಿಂದ ತಂಬಾಕು ಮಾರುವ ಯಂತ್ರಗಳಿಗೇ ನಿಷೇಧವಿದೆ. ಜಪಾನ್ 2008ರಲ್ಲಿ ವಯಸ್ಕರಿಗಷ್ಟೇ ಸಿಗುವ ‘ಟಾಸ್ಪೊ’ ಕಾರ್ಡ್ ತಂದಿತು. ಆದರೆ ಕಾರ್ಡ್ ಹೇಳುವುದು ಕಾರ್ಡಿನ ಒಡೆಯನ ವಯಸ್ಸನ್ನು, ಮುಂದೆ ನಿಂತವನದನ್ನಲ್ಲ; ಎರವಲು ಕಾರ್ಡಿಗೆ ಯಂತ್ರದ ಬಳಿ ಉತ್ತರವಿಲ್ಲ. ಯಂತ್ರಕ್ಕೆ ಅನುಮತಿ ಇರುವಲ್ಲೂ ಅದು ವಯಸ್ಕರಿಗಷ್ಟೇ ಪ್ರವೇಶವಿರುವ ಕೋಣೆಯೊಳಗಿರಲಿ. ಗುರುತಿನ ಚೀಟಿ ನೋಡಿದ ಸಿಬ್ಬಂದಿ ಗುಂಡಿ ಒತ್ತಿದ ಮೇಲಷ್ಟೇ ಚಕ್ರಕ್ಕೆ ವಿದ್ಯುತ್ ಹರಿಯುವಂತೆ ವೈರಿಂಗ್ ಮಾಡಿ.