ಕರೆಂಟ್ ಹೋದಾಗ ಆನ್‌ಲೈನ್ ಕ್ಲಾಸ್ ನಿಲ್ಲದಿರಲು ಏನು ಮಾಡಬೇಕು?

ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುತ್ತದೆ, ವೈಫೈ ರೌಟರ್‌ಗೆ ಇರುವುದಿಲ್ಲ. ಕ್ಲಾಸ್ ಕಟ್ಟಾಗುವುದು ಅಲ್ಲೇ. ಮನೆಗೆ ಇನ್ವರ್ಟರ್ ಹಾಕಿಸಿದ್ದರೂ ಅದು ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಕ್ಷಣದಲ್ಲಿ ಕೆಲವು ರೌಟರ್‌ಗಳು ಆಫ್ ಆಗಿ, ಮತ್ತೆ ನೆಟ್ ಹಿಡಿಯಲು ಒಂದೆರಡು ನಿಮಿಷ ತಿನ್ನುತ್ತವೆ.

ರೌಟರ್‌ಗೆಂದೇ ಸಿಗುವ ಮಿನಿ ಯುಪಿಎಸ್ (ಕರೆಂಟ್ ಹೋದ ಕೂಡಲೇ ಬ್ಯಾಟರಿಯಿಂದ ನಡೆಸುವ ಪುಟ್ಟ ಡಬ್ಬಿ) ಸಾಕು. ಕೊಳ್ಳುವ ಮುಂಚೆ ಅಡಾಪ್ಟರ್ ಮೇಲಿನ ‘ಔಟ್‌ಪುಟ್’ ಸಾಲು ಓದಿ. 12 ವೋಲ್ಟ್, 1 ಆಂಪ್ ಎಂದಿದ್ದರೆ ಯುಪಿಎಸ್ ಕೂಡ 12 ವೋಲ್ಟ್‌ನದೇ ಆಗಬೇಕು. ಆಂಪ್ ಹೆಚ್ಚಿದ್ದರೆ ತೊಂದರೆಯಿಲ್ಲ. ಕಡಿಮೆಯಿದ್ದರೆ ರೌಟರ್ ಪದೇ ಪದೇ ರೀಸ್ಟಾರ್ಟ್ ಆಗುತ್ತದೆ. 9 ವೋಲ್ಟ್ ರೌಟರ್‌ಗೆ 12 ಕೊಟ್ಟರೆ ಸುಟ್ಟೇ ಹೋದೀತು. ರೌಟರ್ ಒಳಗೆ ಚುಚ್ಚುವ ಪಿನ್ ಹೊರಗಿನಿಂದ ಒಂದೇ ಥರ ಕಂಡರೂ ಒಳಗಿನ ತೂತು 2.1 ಅಥವಾ 2.5 ಮಿ.ಮೀ. ಇರಬಹುದು, ಸಡಿಲವಾದರೆ ಮೇಜು ಅಲುಗಿದಾಗಲೆಲ್ಲ ನೆಟ್ ಹೋಗುತ್ತದೆ.

ರೌಟರ್ 6 ವ್ಯಾಟ್ ಎಳೆದರೆ 24 ವ್ಯಾಟ್-ಅವರ್ ಬ್ಯಾಟರಿ ಲೆಕ್ಕದಲ್ಲಿ 4 ಗಂಟೆ. ನಷ್ಟ ಕಳೆದು 3 ಎಂದಿಟ್ಟುಕೊಳ್ಳಿ.

ಫೈಬರ್ ನೆಟ್ ಆದರೆ ಗೋಡೆ ಮೇಲೆ ಇನ್ನೊಂದು ಡಬ್ಬಿ ಇದೆಯೇ ನೋಡಿ. ಅದಕ್ಕೂ ಕರೆಂಟ್ ಬೇಕು, ಜನ ಮರೆಯುವುದು ಇದನ್ನೇ. ಹಾಗಿದ್ದರೆ ಎರಡು ಔಟ್‌ಪುಟ್ ಇರುವ ಯುಪಿಎಸ್ ತಗೊಳ್ಳಿ. ಕೇಬಲ್‌ನವರ ಕಡೆಯೇ ಕರೆಂಟ್ ಹೋದರೆ ಇದ್ಯಾವುದೂ ಉಪಯೋಗಕ್ಕೆ ಬರದು. ಆಗ ಮೊಬೈಲ್ ಹಾಟ್‌ಸ್ಪಾಟ್ ಹಾಕಿ, ನಿಮ್ಮ ವಿಡಿಯೋ ಆಫ್ ಮಾಡಿ.