ಮೂರು ಭಾಷೆ ಒಟ್ಟಿಗೆ ಕಲೀಬಹುದಾ?

ಪ್ರಶ್ನೆ: ಮೇಡಂ, ನಾನಿರೋದು ಪುಣೆ ಕೋಥ್ರೂಡಲ್ಲಿ, ಊರು ಧಾರವಾಡ. ಕೆಲಸಕ್ಕಲ್ಲ, ಬರೀ ಇಷ್ಟಕ್ಕೆ ಜರ್ಮನ್ ಎ1 ಮುಗಿಸ್ದೆ. ಈಗ ಜಪಾನೀಸು, ಸ್ಪ್ಯಾನಿಶು, ಫ್ರೆಂಚು ಮೂರೂ ಒಟ್ಟಿಗೆ ಶುರು ಮಾಡೋ ಆಸೆ, ಮಾಡ್ಲಾ?

ಉತ್ತರ: ಆಸೆ ಬಿಡಬೇಡಿ, ಆದ್ರೆ ಮೂರನ್ನೂ ಒಂದೇ ಸಲ ಹಿಡೀಬೇಡಿ. ಸ್ಪ್ಯಾನಿಶು ಫ್ರೆಂಚು ಎರಡೂ ಲ್ಯಾಟಿನ್‌ನಿಂದ ಹುಟ್ಟಿದ ಭಾಷೆಗಳು, ಒಟ್ಟಿಗೆ ಶುರು ಮಾಡಿದ್ರೆ ಕಲಸುಮೇಲೋಗರ ಆಗತ್ತೆ, ಒಂದು ಗಟ್ಟಿ ಆದ್ಮೇಲೆ ಇನ್ನೊಂದು. ಎ1 ಅಂದ್ರೆ ಆರು ಹಂತದಲ್ಲಿ ಮೊದಲನೇದು ಅಷ್ಟೇ, ಈಗ ಬಿಟ್ರೆ ಮರ್ತೇ ಹೋಗತ್ತೆ, ಮೂರನೇ ಹಂತ ಬಿ1 ತನಕ ಜರ್ಮನ್ ಬಿಡಬೇಡಿ.

ಜೊತೆಗೆ ಜಪಾನೀಸ್ ತಗೊಳ್ಳಿ, ಕನ್ನಡದವರಿಗೆ ಅದರ ವಾಕ್ಯ ಸಲೀಸು. 'ವಾತಾಶಿ ವಾ ಮಿಜು ಓ ನೋಮಿಮಾಸು', ನಾನು ನೀರನ್ನ ಕುಡೀತೀನಿ, ನೋಡಿ ಅದೇ ಸಾಲು, ಕ್ರಿಯಾಪದ ಕೊನೇಲಿ, ಆ 'ಓ' ನಮ್ಮ 'ಅನ್ನು' ಥರಾನೇ ನೀರಿನ ಹಿಂದೆ ಬಂದು ಕೂತಿದೆ, ಇಂಗ್ಲಿಷ್ ಮೂಲಕ ಯೋಚ್ನೆ ಮಾಡೋಕೇ ಹೋಗ್ಬೇಡಿ, ನೇರ ಕನ್ನಡದಿಂದ ಹೋಗಿ. ಜಪಾನೀಸಿನ ಮೂಲ ಲಿಪಿ ಹಿರಗಾನದ 46 ಅಕ್ಷರ ಬೇಗ ಬರತ್ತೆ, ಚೀನೀ ಮೂಲದ ಚಿತ್ರದಂಥ ಅಕ್ಷರ ಕಾಂಜಿಗೆ ಮಾತ್ರ ದಿನಾ ಕೈಯಲ್ಲಿ ಬರೀಬೇಕು.

ಕ್ಲಾಸಿಗೆ ಎಫ್‌ಸಿ ರೋಡಿನ ರಾನಡೆ ಇನ್‌ಸ್ಟಿಟ್ಯೂಟ್‌ನಲ್ಲಿ ಯೂನಿವರ್ಸಿಟಿಯ ವಿದೇಶಿ ಭಾಷಾ ವಿಭಾಗ ಇದೆ, ವಿಚಾರ್ಸಿ. ಜಪಾನೀಸ್ ಎಷ್ಟು ಬರತ್ತೆ ಅಂತ ಅಳೆಯೋ ಜೆಎಲ್‌ಪಿಟಿ ಪರೀಕ್ಷೆ ಜುಲೈ, ಡಿಸೆಂಬರಲ್ಲಿ ನಡೆಯತ್ತೆ, ಎಲ್ಲಕ್ಕಿಂತ ಸುಲಭದ ಹಂತ ಎನ್5ರಿಂದ ಶುರು. ಅದರಲ್ಲಿ ಮಾತಾಡೋ ಪರೀಕ್ಷೆ ಇಲ್ಲ, ಹಾಗಾಗಿ ಮಾತಾಡೋಕೆ ಕ್ಲಾಸಲ್ಲೇ ಒಬ್ಬ ಜೊತೆಗಾರರನ್ನ ಹುಡುಕ್ಕೊಳ್ಳಿ.